ದೊಡ್ಮನೆ ಹೆಗಡೆಯವರು ಮತ್ತು ನಮ್ಮೂರ ಮತದಾರರ ಯಾದಿ

ಅಡಿಕೆಯ ಕೊಳೆರೋಗ, ಕಾಳುಮೆಣಸಿನ ಸೊರಗು ರೋಗ, ಸಸಿಮಡಿಯ ಆರೈಕೆ ಮುಂತಾದ ವಿಷಯಗಳನ್ನು ಈ ಪುಟದಲ್ಲಿ ಓದಿ ತಮಗೆ ರೂಢಿಯಾಗಿದೆ. ಈ ವಾರ ಬೇರೊಂದು ವಿಷಯವನ್ನು ತಮ್ಮ ಮುಂದಿಡುತ್ತಿದ್ದೇವೆ. ನಮ್ಮ ಸಿದ್ದಾಪುರ ತಾಲ್ಲೂಕಿನ ತೋಟಪಟ್ಟಿಯ ಒಂದು ಮನೆಯಲ್ಲಿ ಹುಟ್ಟಿ ರಾಜ್ಯದ ಮುಖ್ಯಮಂತ್ರಿಯಾದ ದಿವಂಗತ ಶ್ರೀ ರಾಮಕೃಷ್ಣ ಹೆಗಡೆಯವರ ಬಾಳಿನ ಕತೆ ಇದು. ಅವರ ಬಗ್ಗೆ ತಾವು ಬಹಳಷ್ಟು ಕೇಳಿದ್ದೀರಿ. ಆದರೆ ಹಳ್ಳಿಯ ಮಟ್ಟದ ಮತದಾನಕ್ಕೂ ಅವರ ಹೆಸರಿಗೂ ಇರುವ ನಂಟು ಎಳೆಯರಿಗೆ ಅಷ್ಟಾಗಿ ತಿಳಿದಿಲ್ಲ. ಆ ನಂಟಿನಿಂದ ಶಿರಸಿ, ಸಿದ್ದಾಪುರ, ಯಲ್ಲಾಪುರದ ಪ್ರತಿಯೊಂದು ಮನೆಯೂ ಕಲಿಯಬೇಕಾದ ಪಾಠವೊಂದಿದೆ. ಕಾನೂನು ಹಕ್ಕನ್ನು ಎಷ್ಟೇ ಅಗಲಿಸಲಿ, ಯಾದಿಯಲ್ಲಿ ಹೆಸರಿಲ್ಲದವನ ಪಾಲಿಗೆ ಅದು ಇಲ್ಲದಂತೆಯೇ ಎಂಬುದೇ ಆ ಪಾಠ.

ಕಂದಾಯ ಕಟ್ಟದ ಊರು

ರಾಮಕೃಷ್ಣ ಹೆಗಡೆಯವರು ಜನಿಸಿದ್ದು 1926ನೇ ಇಸವಿ ಆಗಸ್ಟ್ 29ರಂದು, ಸಿದ್ದಾಪುರ ತಾಲ್ಲೂಕಿನ ದೊಡ್ಮನೆಯಲ್ಲಿ. ಆಗ ನಮ್ಮ ಜಿಲ್ಲೆಗೆ ಉತ್ತರ ಕೆನರಾ ಎಂದು ಹೆಸರು. ಅದು ಮುಂಬಯಿ ಪ್ರಾಂತಕ್ಕೆ ಸೇರಿತ್ತು. ದೊಡ್ಮನೆಯ ಮನೆತನ ಸ್ವಾತಂತ್ರ್ಯ ಚಳವಳಿಯಲ್ಲಿ ಬೆರೆತ ಮನೆತನ.

ಆ ಕಾಲದಲ್ಲಿ ಮತ ಯಾರಿಗೆ ಇತ್ತು ಎಂಬುದನ್ನು ಮೊದಲು ತಿಳಿಯಬೇಕು. ಇಂತಿಷ್ಟು ಕಂದಾಯ ಕಟ್ಟುವ ಜಮೀನುದಾರನಿಗೆ, ತೆರಿಗೆ ಕೊಡುವ ವರ್ತಕನಿಗೆ, ಇಂಥ ಕೆಲವರಿಗೆ ಮಾತ್ರ ಮತ ಹಾಕುವ ಅಧಿಕಾರವಿತ್ತು. ತೋಟದಲ್ಲಿ ದುಡಿಯುವ ಆಳಿಗೆ ಮತವಿರಲಿಲ್ಲ. ಗೇಣಿಗೆ ಗದ್ದೆ ಮಾಡುವ ಬಡ ಒಕ್ಕಲಿಗೂ ಮನೆಯ ಹೆಣ್ಣುಮಕ್ಕಳಿಗೂ ಬಹುಪಾಲು ಮತವಿರಲಿಲ್ಲ. ಕಂದಾಯದ ರಸೀತಿಯೇ ಹಳ್ಳಿಯಲ್ಲಿ ಮತದ ಚೀಟಿ ಇದ್ದಂತೆ.

ಅಂಥ ಕಾಲದಲ್ಲಿ ನಮ್ಮ ಹಿರಿಯರು ಆ ರಸೀತಿಯನ್ನೇ ಬೇಡವೆಂದರು. 1930ರ ದಶಕದ ಮೊದಲ ವರ್ಷಗಳಲ್ಲಿ ಸಿದ್ದಾಪುರ ಮತ್ತು ಅಂಕೋಲೆಯ ರೈತರು ಕರನಿರಾಕರಣೆಗೆ ಇಳಿದರು. ಸರ್ಕಾರ ಜಮೀನು ಜಪ್ತು ಮಾಡಿ ಹರಾಜಿಗಿಟ್ಟಿತು. ಜಪ್ತಾದ ಜಮೀನು ಕೊಂಡವರ ಮನೆಯೆದುರು ಕುಳಿತು ಮಾವಿನಗುಂಡಿಯಲ್ಲಿ 1932ರಲ್ಲಿ ಹೆಣ್ಣುಮಕ್ಕಳು ಸತ್ಯಾಗ್ರಹ ಮಾಡಿದರು. ಮುಂದೆ 1937ರಲ್ಲಿ ಮುಂಬಯಿ ಪ್ರಾಂತದಲ್ಲಿ ಕಾಂಗ್ರೆಸ್ ಮಂತ್ರಿಮಂಡಲ ಬಂದ ಬಳಿಕ ಜಮೀನು ಹಿಂದಿರುಗಿಸುವ ಕೆಲಸ ನಡೆಯಿತು. ಆಸ್ತಿಯನ್ನೇ ಪಣಕ್ಕಿಟ್ಟು ಹೋರಾಡಿದ ಆ ಹೆಣ್ಣುಮಕ್ಕಳಲ್ಲಿ ಎಷ್ಟು ಮಂದಿಯ ಹೆಸರು ಅಂದಿನ ಮತದಾರರ ಯಾದಿಯಲ್ಲಿದ್ದೀತು ಎಂದು ತಾವೇ ಯೋಚಿಸಿ. ರಾಮಕೃಷ್ಣ ಹೆಗಡೆಯವರಿಗೆ ಆಗ ಐದಾರು ವರ್ಷ. ಅವರು ಬೆಳೆದದ್ದು ಇಂಥ ನೆಲದಲ್ಲಿ.

ಕಾಶಿಯಿಂದ ಶಿರಸಿಗೆ

1942ರ ಚಲೇಜಾವ್ ಚಳವಳಿಯಲ್ಲಿ ಹೆಗಡೆಯವರು ಹದಿಹರೆಯದಲ್ಲೇ ಧುಮುಕಿ ಸೆರೆವಾಸ ಕಂಡರು. ಕಾಶಿ ವಿದ್ಯಾಪೀಠದಲ್ಲಿ ಓದಿದರು. ಲಕ್ನೋ ವಿಶ್ವವಿದ್ಯಾನಿಲಯದಲ್ಲಿ ಕಾನೂನು ಪದವಿ ಪಡೆದು ಊರಿಗೆ ಮರಳಿ ವಕೀಲಿ ವೃತ್ತಿ ಹಿಡಿದರು. ಜಿಲ್ಲೆಯ ಕಾಂಗ್ರೆಸ್ಸಿನ ಅಧ್ಯಕ್ಷರಾಗಿಯೂ ದುಡಿದರು.

ಈ ನಡುವೆ ದೇಶ ಸ್ವತಂತ್ರವಾಗಿ, ಸಂವಿಧಾನ ಜಾರಿಗೆ ಬಂದು, 21 ವರ್ಷ ತುಂಬಿದ ಪ್ರತಿಯೊಬ್ಬ ನಾಗರಿಕನಿಗೂ ಮತದ ಹಕ್ಕು ದೊರೆಯಿತು. ಕಂದಾಯ, ಆಸ್ತಿ, ವಿದ್ಯೆ ಯಾವುದೂ ಬೇಕಿಲ್ಲ. ಆದರೆ ಹಕ್ಕು ಬಂದ ಮಾತ್ರಕ್ಕೆ ಹೆಸರು ಬರೆಯಲ್ಪಡಲಿಲ್ಲ. 1951-52ರ ಮೊದಲ ಮಹಾಚುನಾವಣೆಗೆ ಯಾದಿ ತಯಾರಿಸುವಾಗ ದೇಶದಲ್ಲಿ, ಅದರಲ್ಲೂ ಉತ್ತರದ ಪ್ರಾಂತಗಳಲ್ಲಿ, ಲಕ್ಷಾಂತರ ಹೆಂಗಸರು ತಮ್ಮ ಸ್ವಂತ ಹೆಸರು ಹೇಳಲು ಒಪ್ಪಲಿಲ್ಲ. ಇಂಥವರ ಹೆಂಡತಿ, ಇಂಥವರ ತಾಯಿ ಎಂದಷ್ಟೇ ಬರೆಸಿದರು. ಚುನಾವಣಾ ಆಯೋಗ ಅಂಥ ಸುಮಾರು 28 ಲಕ್ಷ ನಮೂದುಗಳನ್ನು ಯಾದಿಯಿಂದ ತೆಗೆದುಹಾಕಬೇಕಾಯಿತು. ಹಕ್ಕಿತ್ತು, ಹೆಸರಿರಲಿಲ್ಲ, ಮತ ಹೋಯಿತು.

1956ರ ನವೆಂಬರ್ ಒಂದರಂದು ನಮ್ಮ ಜಿಲ್ಲೆ ಮುಂಬಯಿಯಿಂದ ಬೇರ್ಪಟ್ಟು ವಿಶಾಲ ಮೈಸೂರು ರಾಜ್ಯಕ್ಕೆ ಸೇರಿತು. ಮರುವರ್ಷವೇ, ಅಂದರೆ 1957ರಲ್ಲಿ, ನಡೆದ ಚುನಾವಣೆಯಲ್ಲಿ ಹೆಗಡೆಯವರು ಶಿರಸಿ ಕ್ಷೇತ್ರದಿಂದ ವಿಧಾನಸಭೆಗೆ ಆರಿಸಿಬಂದರು. ಆಗ ಅವರಿಗೆ ಮೂವತ್ತು ತುಂಬಿತ್ತಷ್ಟೆ. ಶ್ರೀ ನಿಜಲಿಂಗಪ್ಪ ಹಾಗೂ ಶ್ರೀ ವೀರೇಂದ್ರ ಪಾಟೀಲರ ಮಂತ್ರಿಮಂಡಲಗಳಲ್ಲಿ ಸಹಕಾರ, ಯೋಜನೆ, ಹಣಕಾಸು ಮೊದಲಾದ ಖಾತೆಗಳನ್ನು ನಿರ್ವಹಿಸಿದರು. ಒಟ್ಟು 13 ಬಾರಿ ರಾಜ್ಯದ ಮುಂಗಡಪತ್ರ ಮಂಡಿಸಿದ ಅವರ ದಾಖಲೆಯನ್ನು ಯಾರೂ ಮುರಿಯದೆ 2023ರವರೆಗೆ ಉಳಿದಿತ್ತು. ಲೆಕ್ಕಪತ್ರದಲ್ಲಿ ಪಳಗಿದ ಆ ಕೈ ಮುಂದೆ ಪಂಚಾಯತಗಳಿಗೆ ಹಣ ಹಂಚುವಾಗ ಉಪಯೋಗಕ್ಕೆ ಬಂತು.

1969ರಲ್ಲಿ ಕಾಂಗ್ರೆಸ್ ಎರಡಾದಾಗ ಅವರು ನಿಜಲಿಂಗಪ್ಪನವರ ಕಡೆ ನಿಂತರು. ಮುಂದಿನ ವರ್ಷಗಳನ್ನು ವಿರೋಧ ಪಕ್ಷದ ಸಾಲಿನಲ್ಲಿ ಕಳೆದರು. ತುರ್ತು ಪರಿಸ್ಥಿತಿಯಲ್ಲಿ ಮತ್ತೆ ಸೆರೆವಾಸ. ಜನತಾ ಪಕ್ಷ ಹುಟ್ಟಿದಾಗ ಅದರ ಪ್ರಧಾನ ಕಾರ್ಯದರ್ಶಿಗಳಲ್ಲಿ ಒಬ್ಬರಾದರು. 1978ರಿಂದ ರಾಜ್ಯಸಭೆಯಲ್ಲಿದ್ದರು.

ಮುಖ್ಯಮಂತ್ರಿಯಾಗಿ

1983ರ ಜನವರಿ 10ರಂದು ಹೆಗಡೆಯವರು ಕರ್ನಾಟಕದ ಮುಖ್ಯಮಂತ್ರಿಯಾದರು. ರಾಜ್ಯದಲ್ಲಿ ಕಾಂಗ್ರೆಸ್ಸೇತರ ಸರ್ಕಾರ ಬಂದದ್ದು ಅದೇ ಮೊದಲು. ಆಗ ಅವರು ವಿಧಾನಸಭೆಯ ಸದಸ್ಯರಾಗಿರಲಿಲ್ಲ. ಬಳಿಕ ಕನಕಪುರದ ಉಪಚುನಾವಣೆಯಲ್ಲಿ ಗೆದ್ದುಬಂದರು.

1984ರ ಕೊನೆಯಲ್ಲಿ ಲೋಕಸಭೆಯ ಚುನಾವಣೆ ನಡೆದು, ರಾಜ್ಯದ 28 ಸ್ಥಾನಗಳಲ್ಲಿ ಅವರ ಪಕ್ಷಕ್ಕೆ ಬಂದದ್ದು ನಾಲ್ಕೇ ನಾಲ್ಕು. ಜನರ ಒಪ್ಪಿಗೆ ತಪ್ಪಿತೆಂದು ತಿಳಿದು ಹೆಗಡೆಯವರು ವಿಧಾನಸಭೆಯನ್ನು ವಿಸರ್ಜಿಸಿ ಮತ್ತೆ ಮತದಾರರ ಮುಂದೆ ಹೋದರು. 1985ರ ಮಾರ್ಚ್‌ನಲ್ಲಿ ಅದೇ ಮತದಾರರು 224ರಲ್ಲಿ 139 ಸ್ಥಾನ ಕೊಟ್ಟು ಅವರನ್ನು ಮರಳಿ ಕೂರಿಸಿದರು. ದಿಲ್ಲಿಗೆ ಒಬ್ಬರು, ಬೆಂಗಳೂರಿಗೆ ಒಬ್ಬರು ಎಂದು ನಮ್ಮ ಹಳ್ಳಿಗರು ಬೇರೆಬೇರೆಯಾಗಿ ತೂಗಬಲ್ಲರು ಎಂಬುದು ಮೂರೇ ತಿಂಗಳಲ್ಲಿ ಕಂಡುಬಂತು. ಹಾಗಿದ್ದರೆ ಊರಿನ ಆಡಳಿತವನ್ನು ಊರಿನವರೇ ತೂಗಲಿ ಎಂಬುದು ಮುಂದಿನ ಹೆಜ್ಜೆ. ಅದರ ಕಾನೂನು ಅಷ್ಟರಲ್ಲೇ ತಯಾರಾಗಿತ್ತು.

1983ರ ಪಂಚಾಯತ ಕಾನೂನು

ಅಲ್ಲಿಯವರೆಗೆ ರಾಜ್ಯದಲ್ಲಿ 1959ರ ಕಾನೂನು ನಡೆಯುತ್ತಿತ್ತು. ಗ್ರಾಮ ಪಂಚಾಯತಕ್ಕೂ ತಾಲ್ಲೂಕು ಮಂಡಳಿಗೂ ಚುನಾವಣೆಯಿತ್ತು. ಆದರೆ ಜಿಲ್ಲೆಯ ಮಟ್ಟದಲ್ಲಿ ಇದ್ದದ್ದು ಡೆಪ್ಯುಟಿ ಕಮೀಷನರರ ಅಧ್ಯಕ್ಷತೆಯ ಅಭಿವೃದ್ಧಿ ಪರಿಷತ್ತು. ಅಧಿಕಾರವೂ ಹಣವೂ ಅಧಿಕಾರಿಗಳ ಕೈಯಲ್ಲಿತ್ತು. ಅಶೋಕ ಮೆಹತಾ ಸಮಿತಿ 1978ರಲ್ಲಿ ಕೊಟ್ಟ ಶಿಫಾರಸನ್ನು ಅನುಸರಿಸಿ ಹೆಗಡೆಯವರ ಸರ್ಕಾರ ಜಿಲ್ಲಾ ಪರಿಷತ್ತು ಮತ್ತು ಮಂಡಲ ಪಂಚಾಯತಗಳ ಕಾನೂನು ತಂದಿತು. ಅದಕ್ಕೆ ರಾಷ್ಟ್ರಪತಿಗಳ ಅಂಕಿತ ದೊರೆತದ್ದು 1985ರಲ್ಲಿ.

ಈ ಕೆಲಸದ ನೊಗದ ಇನ್ನೊಂದು ಹೆಗಲು ಗ್ರಾಮೀಣಾಭಿವೃದ್ಧಿ ಮಂತ್ರಿ ಶ್ರೀ ಅಬ್ದುಲ್ ನಜೀರ್ ಸಾಬರದು. ಗುಂಡ್ಲುಪೇಟೆಯ ನಜೀರ್ ಸಾಬರು ಹಳ್ಳಿಹಳ್ಳಿಗೆ ಕೊಳವೆಬಾವಿ ತೋಡಿಸಿ ನೀರು ಸಾಬ್ ಎಂದೇ ಹೆಸರಾದವರು. ಪಂಚಾಯತ ಕಾನೂನನ್ನು ರೂಪಿಸಿ ಜಾರಿಗೆ ತರುವುದರಲ್ಲಿ ಅವರ ಶ್ರಮ ದೊಡ್ಡದು. 1988ರಲ್ಲಿ ಅವರು ತೀರಿಕೊಂಡರು.

ಈ ಕಾನೂನಿನಲ್ಲಿ ನಮಗೆ ಮುಖ್ಯವಾದ ಅಂಶಗಳು ನಾಲ್ಕು.

ಒಂದನೆಯದು, ವಯಸ್ಸು. ವಿಧಾನಸಭೆ, ಲೋಕಸಭೆಗೆ ಮತ ಹಾಕಲು 21 ವರ್ಷ ಬೇಕಿದ್ದ ಕಾಲದಲ್ಲಿ ಪಂಚಾಯತದ ಮತಕ್ಕೆ 18 ಸಾಕೆಂದಾಯಿತು. ದೇಶಕ್ಕೆಲ್ಲ 18 ವರ್ಷದ ಮತಾಧಿಕಾರ ಬಂದದ್ದು ಸಂವಿಧಾನದ 61ನೇ ತಿದ್ದುಪಡಿಯಿಂದ, 1989ರ ಮಾರ್ಚ್‌ನಲ್ಲಿ. ಹೀಗೆ ನಮ್ಮ ಹಳ್ಳಿಯ ಹುಡುಗ ಹುಡುಗಿಯರು ದಿಲ್ಲಿಗಿಂತ ಮೊದಲು ಊರಿಗೆ ಮತ ಹಾಕಿದರು.

ಎರಡನೆಯದು, ಹೆಂಗಸರಿಗೆ ನಾಲ್ಕರಲ್ಲಿ ಒಂದು ಪಾಲು ಸ್ಥಾನ ಮೀಸಲು. ಅಲ್ಲಿಯವರೆಗೆ ಪಂಚಾಯತದ ಕಟ್ಟೆ ಹತ್ತದಿದ್ದ ಹೆಣ್ಣುಮಕ್ಕಳು ಸಾವಿರಗಟ್ಟಲೆ ಸದಸ್ಯೆಯರಾದರು. ಪರಿಶಿಷ್ಟ ಜಾತಿ, ಪಂಗಡಗಳಿಗೂ ಸ್ಥಾನ ಮೀಸಲಾಯಿತು.

ಮೂರನೆಯದು, ಅಧಿಕಾರ. ಜಿಲ್ಲಾ ಪರಿಷತ್ತಿನ ಅಧ್ಯಕ್ಷರಿಗೆ ರಾಜ್ಯ ಮಂತ್ರಿಯ ದರ್ಜೆ ದೊರೆಯಿತು. ಡೆಪ್ಯುಟಿ ಕಮೀಷನರರಿಗಿಂತ ಹಿರಿಯ ಅಧಿಕಾರಿಯೊಬ್ಬರು ಅವರ ಕೈಕೆಳಗೆ ಮುಖ್ಯ ಕಾರ್ಯದರ್ಶಿಯಾದರು. ಶಾಲೆ, ಆಸ್ಪತ್ರೆ, ಪಶುಸಂಗೋಪನೆ ಮೊದಲಾದವು ಜಿಲ್ಲಾ ಪರಿಷತ್ತಿನ ಕೆಳಗೆ ಬಂದವು. ನಮ್ಮ ಕೃಷಿ ವಿಸ್ತರಣೆಯ ಕೆಲಸವೂ ಹಾಗೆಯೇ ಬಂತು.

ನಾಲ್ಕನೆಯದು, ಗ್ರಾಮಸಭೆ. ಊರಿನ ಮತದಾರರೆಲ್ಲ ಒಟ್ಟಿಗೆ ಕುಳಿತು ಕೆಲಸಗಳನ್ನು ವಿಚಾರಿಸುವ ಸಭೆಗೆ ಕಾನೂನಿನ ಬಲ ಬಂತು.

1987ರ ಜನವರಿಯಲ್ಲಿ ಚುನಾವಣೆ ನಡೆಯಿತು. ಎರಡೂವರೆ ಸಾವಿರಕ್ಕೆ ಸಮೀಪದ ಮಂಡಲ ಪಂಚಾಯತಗಳಿಗೆ ಐವತ್ತು ಸಾವಿರಕ್ಕೂ ಮಿಕ್ಕಿ ಸದಸ್ಯರು ಆರಿಸಿಬಂದರು. ವಿಧಾನಸಭೆಯ ಯಾದಿಯಲ್ಲಿ 18ರಿಂದ 21ರ ನಡುವಿನವರ ಹೆಸರೇ ಇರಲಿಲ್ಲ ಎಂಬುದನ್ನು ಇಲ್ಲಿ ಗಮನಿಸಬೇಕು. ಕಾನೂನು ಅವರಿಗೆ ಮತ ಕೊಟ್ಟಿತು ನಿಜ. ಆದರೆ ಹೊಸದಾಗಿ ಹೆಸರು ಬರೆಸಿಕೊಂಡವನಿಗೆ ಮಾತ್ರ ಅದು ಕೈಗೆ ಬಂತು.

ಏಳುಬೀಳು

ಹೆಗಡೆಯವರ ಬಾಳು ಗೆಲುವಿನದಷ್ಟೇ ಆಗಿರಲಿಲ್ಲ. 1986ರಲ್ಲಿ ಸಾರಾಯಿ ಬಾಟ್ಲಿಂಗ್ ಗುತ್ತಿಗೆಯ ವಿಷಯದಲ್ಲಿ ಹೈಕೋರ್ಟು ಟೀಕಿಸಿದಾಗ ರಾಜೀನಾಮೆ ಕೊಟ್ಟು ಕೆಲವೇ ದಿನಗಳಲ್ಲಿ ಹಿಂತೆಗೆದುಕೊಂಡರು. 1988ರ ಆಗಸ್ಟ್‌ನಲ್ಲಿ ದೂರವಾಣಿ ಕದ್ದಾಲಿಕೆಯ ಆಪಾದನೆ ಬಂದಾಗ ಅಧಿಕಾರ ಬಿಟ್ಟರು. 1989-90ರಲ್ಲಿ ಯೋಜನಾ ಆಯೋಗದ ಉಪಾಧ್ಯಕ್ಷರಾಗಿದ್ದರು.

1991ರಲ್ಲಿ ಬಾಗಲಕೋಟೆಯಿಂದ ಲೋಕಸಭೆಗೆ ನಿಂತಾಗ ಅವರನ್ನು ಸೋಲಿಸಿದವರು ಶ್ರೀ ಸಿದ್ದು ನ್ಯಾಮಗೌಡರು. ಜಮಖಂಡಿ ಕಡೆಯ ರೈತರನ್ನು ಒಟ್ಟುಗೂಡಿಸಿ, ರೈತರದ್ದೇ ಹಣ ಮತ್ತು ಶ್ರಮದಿಂದ ಚಿಕ್ಕಪಡಸಲಗಿಯಲ್ಲಿ ಕೃಷ್ಣಾ ನದಿಗೆ ಬ್ಯಾರೇಜು ಕಟ್ಟಿಸಿದವರು ಅವರು. ಹಳ್ಳಿಯವನ ಕೈಗೆ ಅಧಿಕಾರ ಬರಲೆಂದು ಕಾನೂನು ಮಾಡಿದ ನಾಯಕನನ್ನು ಹಳ್ಳಿಯ ಮುಂದಾಳೊಬ್ಬರು ಮತಪೆಟ್ಟಿಗೆಯಲ್ಲಿ ಸೋಲಿಸಿದ್ದು ಯೋಚಿಸತಕ್ಕ ವಿಷಯ. ಮತಕ್ಕೆ ದೊಡ್ಡವರು ಚಿಕ್ಕವರೆಂಬ ಭೇದವಿಲ್ಲ.

1996ರಲ್ಲಿ ಅವರನ್ನು ಜನತಾ ದಳದಿಂದ ಹೊರಹಾಕಲಾಯಿತು. ಆಮೇಲೆ ಲೋಕಶಕ್ತಿ ಪಕ್ಷ ಕಟ್ಟಿದರು. 1998-99ರಲ್ಲಿ ಶ್ರೀ ವಾಜಪೇಯಿಯವರ ಮಂತ್ರಿಮಂಡಲದಲ್ಲಿ ವಾಣಿಜ್ಯ ಮಂತ್ರಿಯಾಗಿದ್ದರು. 2004ರ ಜನವರಿ 12ರಂದು ಬೆಂಗಳೂರಿನಲ್ಲಿ ನಿಧನ ಹೊಂದಿದರು. ಆಗ ಅವರಿಗೆ 77 ವರ್ಷ.

ಅವರು ಕಟ್ಟಿದ ಪಂಚಾಯತಗಳ ಗತಿಯೇನಾಯಿತು? 1992ರಲ್ಲಿ ಮೊದಲ ಅವಧಿ ಮುಗಿದಾಗ ಕೂಡಲೇ ಚುನಾವಣೆ ನಡೆಯಲಿಲ್ಲ. ಆಡಳಿತಾಧಿಕಾರಿಗಳು ಬಂದು ಕುಳಿತರು. 1993ರ ಏಪ್ರಿಲ್‌ನಲ್ಲಿ ಸಂವಿಧಾನದ 73ನೇ ತಿದ್ದುಪಡಿ ಜಾರಿಯಾಗಿ, ಮೇ ತಿಂಗಳಲ್ಲಿ ರಾಜ್ಯದ ಹೊಸ ಪಂಚಾಯತ ರಾಜ್ ಕಾನೂನು ಬಂತು. ಮಂಡಲ ಹೋಗಿ ಗ್ರಾಮ, ತಾಲ್ಲೂಕು, ಜಿಲ್ಲೆ ಎಂಬ ಮೂರು ಹಂತಗಳಾದವು. ಹೆಂಗಸರ ಪಾಲು ಮೊದಲು ಮೂರರಲ್ಲಿ ಒಂದು ಇದ್ದದ್ದು ಮುಂದೆ ನಮ್ಮ ರಾಜ್ಯದಲ್ಲಿ ಅರ್ಧಕ್ಕೆ ಏರಿತು. ಅಷ್ಟಾದರೂ 2016ರಲ್ಲಿ ಆರಿಸಿಬಂದ ಜಿಲ್ಲಾ, ತಾಲ್ಲೂಕು ಪಂಚಾಯತಗಳ ಅವಧಿ 2021ರಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯಿಲ್ಲದೆ ಕಳೆದವು. ಕಾನೂನು ಬರೆದಿಟ್ಟರೆ ಸಾಲದು, ಅದನ್ನು ಕೇಳಿ ಪಡೆಯುವ ಮತದಾರರಿರಬೇಕು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಒಂದು ಹೆಸರಿನ ಬೆಲೆ

ರೈತ ಬಾಂಧವರೇ, ಇನ್ನು ನಮ್ಮ ಮನೆಯಂಗಳಕ್ಕೆ ಬರೋಣ. ಗ್ರಾಮ ಪಂಚಾಯತದಲ್ಲಿ ಸುಮಾರು 400 ಜನಸಂಖ್ಯೆಗೆ ಒಬ್ಬ ಸದಸ್ಯರೆಂದು ಕಾನೂನು ಹೇಳುತ್ತದೆ. ಬಯಲುಸೀಮೆಯಲ್ಲಿ ಒಂದು ಪಂಚಾಯತಕ್ಕೆ ಐದರಿಂದ ಏಳು ಸಾವಿರ ಜನಸಂಖ್ಯೆಯ ಲೆಕ್ಕವಾದರೆ, ಮನೆಗಳು ದೂರದೂರ ಚದುರಿರುವ ನಮ್ಮಂಥ ಜಿಲ್ಲೆಗೆ ಎರಡೂವರೆ ಸಾವಿರ ಇದ್ದರೂ ಸಾಕೆಂಬ ರಿಯಾಯಿತಿಯಿದೆ. 400 ಜನರಲ್ಲಿ ಮಕ್ಕಳನ್ನು ಕಳೆದರೆ ಮತದಾರರು ಇನ್ನೂ ಕಡಿಮೆ. ಇಷ್ಟು ಸಣ್ಣ ಲೆಕ್ಕದಲ್ಲಿ ಒಂದು ಕೂಡುಕುಟುಂಬದ ಐದಾರು ಹೆಸರು ಬಿಟ್ಟುಹೋದರೆ ಸೋಲುಗೆಲುವೇ ಬದಲಾದೀತು.

ಅದಕ್ಕಿಂತ ದೊಡ್ಡ ಮಾತು ಇನ್ನೊಂದಿದೆ. ಗ್ರಾಮಸಭೆ ಎಂದರೆ ಆ ಊರಿನ ಮತದಾರರ ಯಾದಿಯಲ್ಲಿ ಹೆಸರಿರುವವರ ಸಭೆ ಎಂದು ಸಂವಿಧಾನವೇ ಹೇಳಿದೆ. ಹೆಸರಿಲ್ಲದವನು ಐದು ವರ್ಷಕ್ಕೊಂದು ಮತವನ್ನಷ್ಟೇ ಕಳೆದುಕೊಳ್ಳುವುದಿಲ್ಲ. ಮನೆ ಯಾರಿಗೆ ಮಂಜೂರಾಗಬೇಕು, ಯಾವ ಕೇರಿಗೆ ಕುಡಿಯುವ ನೀರು, ಮಳೆಗಾಲದಲ್ಲಿ ಕೊಚ್ಚಿಹೋಗುವ ಕಾಲುಸಂಕ ಯಾವಾಗ ಕಟ್ಟಬೇಕು ಎಂದು ತೀರ್ಮಾನವಾಗುವಾಗ ಕಾಯಂ ಆಗಿ ಹೊರಗುಳಿಯುತ್ತಾನೆ.

ಸಹಕಾರಿ ಸಂಘದಲ್ಲಿ ಷೇರು ಹಣ ಕಟ್ಟಿದವನು ಸದಸ್ಯ. ಶಿರಸಿಯ ತೋಟಗಾರ್ಸ್ ಸೊಸೈಟಿ 1923ರಲ್ಲಿ ಹುಟ್ಟಿದಾಗಿನಿಂದ ನಮ್ಮವರಿಗೆ ಈ ಪದ್ಧತಿ ಗೊತ್ತು. ಪಂಚಾಯತಕ್ಕೆ ಷೇರಿಲ್ಲ. ಯಾದಿಯಲ್ಲಿನ ಹೆಸರೇ ಅಲ್ಲಿಯ ಷೇರು.

ನಾವು ವಿಸ್ತರಣಾ ಕೆಲಸದವರು ಹಳ್ಳಿಗೆ ಹೋದಾಗ ನೋಡುವುದೇನೆಂದರೆ, ಯಜಮಾನನ ಹೆಸರು ಯಾದಿಯಲ್ಲಿ ತಪ್ಪುವುದು ಅಪರೂಪ. ಬಿಟ್ಟುಹೋಗುವುದು ಆಗತಾನೆ 18 ತುಂಬಿದ ಮಗನದು, ಬೇರೆ ತಾಲ್ಲೂಕಿನಿಂದ ಮದುವೆಯಾಗಿ ಬಂದ ಸೊಸೆಯದು, ತೋಟದ ಬಿಡಾರದಲ್ಲಿರುವ ಕೆಲಸದವರದು, ಕಾಡಂಚಿನ ಗೌಳಿ, ಕುಣಬಿ, ಸಿದ್ದಿ ಕೇರಿಗಳ ಜನರದು. ಯಾರಿಗೆಂದು ಹೆಗಡೆಯವರ ಕಾಲದ ಕಾನೂನು ಬಾಗಿಲನ್ನು ಅಗಲ ಮಾಡಿತೋ, ಹೊಸ್ತಿಲಲ್ಲಿ ನಿಂತವರು ಅವರೇ. ನಮ್ಮ ಜಿಲ್ಲೆಯ ಸಿದ್ದಿಗಳನ್ನು 2003ರಲ್ಲಿ ಪರಿಶಿಷ್ಟ ಪಂಗಡಕ್ಕೆ ಸೇರಿಸಲಾಯಿತು. ಮೀಸಲು ಸ್ಥಾನ ಬಂದರೂ ಕೇರಿಯವರ ಹೆಸರು ಯಾದಿಯಲ್ಲಿ ಇಲ್ಲದಿದ್ದರೆ ನಿಲ್ಲುವವರೂ ಇಲ್ಲ, ಮತ ಹಾಕುವವರೂ ಇಲ್ಲ.

ಯಾರು ಅರ್ಹರು? ಹೇಗೆ ಬರೆಸಬೇಕು?

ಭಾರತದ ಪ್ರಜೆಯಾಗಿರಬೇಕು, 18 ವರ್ಷ ತುಂಬಿರಬೇಕು, ಆ ಸ್ಥಳದಲ್ಲಿ ಸಾಮಾನ್ಯವಾಗಿ ವಾಸಿಸುತ್ತಿರಬೇಕು. ಬುದ್ಧಿಭ್ರಮಣೆಯೆಂದು ನ್ಯಾಯಾಲಯ ಘೋಷಿಸಿದವರು, ಚುನಾವಣಾ ಅಕ್ರಮಕ್ಕಾಗಿ ಅನರ್ಹರಾದವರು ಮಾತ್ರ ಹೊರಗೆ. ಪಹಣಿ ಬೇಕಿಲ್ಲ, ಮನೆಪತ್ರ ಬೇಕಿಲ್ಲ. ಅತಿಕ್ರಮಣ ಜಾಗದಲ್ಲಿರುವವರೂ ಧಣಿಯ ಬಿಡಾರದಲ್ಲಿರುವವರೂ ಅರ್ಹರೇ. ವಾಸದ ದಾಖಲೆ ಯಾವುದೂ ಇಲ್ಲದಿದ್ದರೆ ಅಧಿಕಾರಿ ಸ್ಥಳಕ್ಕೆ ಬಂದು ಪರಿಶೀಲಿಸಬೇಕೆಂಬ ನಿಯಮವಿದೆ.

ಇದರ ಇನ್ನೊಂದು ಮಗ್ಗುಲನ್ನೂ ತಿಳಿಯಬೇಕು. ಊರಿನಲ್ಲಿ ಮನೆಯಿದೆ, ತೋಟವಿದೆ ಎಂಬ ಒಂದೇ ಕಾರಣಕ್ಕೆ ಊರಿನ ಮತ ಸಿಗುವುದಿಲ್ಲ. ಬೆಂಗಳೂರು, ಹುಬ್ಬಳ್ಳಿಗಳಲ್ಲಿ ನೆಲೆಸಿದವರು ಅಲ್ಲೇ ಹೆಸರು ಬರೆಸಬೇಕು. ಎರಡು ಕಡೆ ಹೆಸರಿರುವುದು ಕಾನೂನಿಗೆ ವಿರೋಧ. ಹಾಸ್ಟೆಲಿನಲ್ಲಿ ಓದುವ ಮಕ್ಕಳಿಗೆ ಮಾತ್ರ ಊರು ಅಥವಾ ಓದುವ ಸ್ಥಳ, ಎರಡರಲ್ಲಿ ಒಂದನ್ನು ಆರಿಸಿಕೊಳ್ಳುವ ಅವಕಾಶವಿದೆ.

ಗ್ರಾಮ ಪಂಚಾಯತ ಚುನಾವಣೆ ನಡೆಸುವುದು ರಾಜ್ಯ ಚುನಾವಣಾ ಆಯೋಗ. ಆದರೆ ಅದು ಆಧಾರವಾಗಿ ತೆಗೆದುಕೊಳ್ಳುವುದು ವಿಧಾನಸಭೆಯ ಯಾದಿಯನ್ನು. ಅದನ್ನೇ ಕ್ಷೇತ್ರವಾರು ವಿಂಗಡಿಸಿ ಕರಡು ಪ್ರಕಟಿಸುತ್ತದೆ. ಆದ್ದರಿಂದ ಕೆಲಸ ಎರಡು. ಮೊದಲು ವಿಧಾನಸಭೆಯ ಯಾದಿಗೆ ಹೆಸರು ಸೇರಿಸಬೇಕು. ಆಮೇಲೆ ಪಂಚಾಯತದ ಕರಡು ಬಂದಾಗ ತಮ್ಮ ಹೆಸರು ತಮ್ಮದೇ ಕ್ಷೇತ್ರದಲ್ಲಿದೆಯೇ, ಗುಡ್ಡದಾಚೆಯ ಮಜರೆಗೆ ಹೋಗಿದೆಯೇ ಎಂದು ನೋಡಬೇಕು. ಶಿರಸಿ ನಗರಸಭೆ, ಸಿದ್ದಾಪುರ ಮತ್ತು ಯಲ್ಲಾಪುರ ಪಟ್ಟಣ ಪಂಚಾಯತಗಳ ವ್ಯಾಪ್ತಿಯಲ್ಲಿರುವವರೂ ತಮ್ಮ ವಾರ್ಡಿನ ಯಾದಿಯನ್ನು ಹೀಗೆಯೇ ಪರೀಕ್ಷಿಸಬೇಕು.

ಹೊಸದಾಗಿ ಹೆಸರು ಸೇರಿಸಲು ನಮೂನೆ 6. ತೀರಿಕೊಂಡವರ ಅಥವಾ ಊರು ಬಿಟ್ಟವರ ಹೆಸರು ತೆಗೆಸಲು ನಮೂನೆ 7. ತಿದ್ದುಪಡಿಗೂ ಒಂದು ಕಡೆಯಿಂದ ಇನ್ನೊಂದು ಕಡೆಗೆ ವರ್ಗಾಯಿಸಲೂ ನಮೂನೆ 8. ತವರಿನಲ್ಲಿ ಹೆಸರಿರುವ ಸೊಸೆಗೆ ಬೇಕಾದದ್ದು ನಮೂನೆ 8. ಶಿರಸಿ ತಾಲ್ಲೂಕೇ ಆದರೂ ಬನವಾಸಿ ಭಾಗ ಯಲ್ಲಾಪುರ ವಿಧಾನಸಭಾ ಕ್ಷೇತ್ರಕ್ಕೆ ಸೇರುತ್ತದೆ. ಆ ಕಡೆ ಮದುವೆಯಾಗಿ ಹೋದವರು, ಬಂದವರು ಇದನ್ನು ನೆನಪಿನಲ್ಲಿಡಬೇಕು. ಅರ್ಜಿಯನ್ನು ಮತಗಟ್ಟೆಯ ಬಿ.ಎಲ್.ಓ. ಕೈಗೆ ಇಲ್ಲವೇ ತಾಲ್ಲೂಕು ಕಚೇರಿಗೆ ಕೊಟ್ಟು ಸ್ವೀಕೃತಿ ಪಡೆಯಿರಿ. ಸಂದೇಹವಿದ್ದರೆ 1950 ಸಂಖ್ಯೆಗೆ ಕರೆ ಮಾಡಬಹುದು.

ಮೊದಲು ಜನವರಿ ಒಂದಕ್ಕೆ 18 ತುಂಬಿದವರಿಗೆ ಮಾತ್ರ ಆ ವರ್ಷ ಅವಕಾಶವಿತ್ತು. 2022ರಿಂದ ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ ಈ ನಾಲ್ಕು ತಿಂಗಳ ಮೊದಲ ದಿನಗಳೂ ಲೆಕ್ಕಕ್ಕೆ ಬಂದಿವೆ. 17 ತುಂಬಿದವರು ಮುಂಗಡವಾಗಿಯೇ ಅರ್ಜಿ ಕೊಡಬಹುದು. ಗುರುತಿನ ಚೀಟಿ ಕಪಾಟಿನಲ್ಲಿ ಭದ್ರವಾಗಿದೆ ಎಂದು ನಿಶ್ಚಿಂತೆಯಿಂದಿರಬೇಡಿ. ಚೀಟಿಯಿದ್ದು ಯಾದಿಯಲ್ಲಿ ಹೆಸರಿಲ್ಲದಿದ್ದರೆ ಮತಗಟ್ಟೆಯಿಂದ ಹಿಂದಿರುಗಬೇಕಾಗುತ್ತದೆ.

ಹೊತ್ತು ಮೀರುವ ಮುನ್ನ

ನಮ್ಮ ತೋಟಿಗರಿಗೆ ಹೊತ್ತಿನ ಬೆಲೆ ಹೇಳಿಕೊಡಬೇಕಾಗಿಲ್ಲ. ಮಳೆ ಹಿಡಿಯುವ ಮೊದಲೇ ಅಡಿಕೆ ಕೊನೆಗೆ ಬೋರ್ಡೋ ದ್ರಾವಣ ಹೊಡೆಯಬೇಕು. ಕೊಳೆ ಇಳಿದು ಕಾಯಿ ಉದುರತೊಡಗಿದ ಮೇಲೆ ಸುಣ್ಣ, ಮೈಲುತುತ್ತ ಕಲಸಿ ಫಲವೇನು? ಚುನಾವಣೆ ಘೋಷಣೆಯಾದ ಮೇಲೆ ಯಾದಿ ಹುಡುಕಿಕೊಂಡು ಓಡಾಡುವುದೂ ಅಷ್ಟೇ.

ಇನ್ನೊಂದು ನೆನಪೂ ನಮ್ಮ ಹಿರಿಯರಿಗಿದೆ. 1974ರ ಭೂಸುಧಾರಣೆಯಲ್ಲಿ ಉಳುವವನೇ ಒಡೆಯನೆಂದು ಕಾನೂನಾಯಿತು. ಆದರೆ ಜಮೀನು ಸಿಕ್ಕಿದ್ದು ಭೂನ್ಯಾಯ ಮಂಡಳಿಗೆ ಏಳನೇ ನಮೂನೆಯ ಅರ್ಜಿ ಕೊಟ್ಟ ಗೇಣಿದಾರನಿಗೆ. 1979ರ ಜೂನ್ 30ರ ಕೊನೆಯ ಗಡುವು ದಾಟಿಸಿದವನು, ತಲೆತಲಾಂತರದಿಂದ ಅದೇ ಗದ್ದೆ ಉತ್ತಿದ್ದರೂ, ಬರಿಗೈಯಲ್ಲಿ ಉಳಿದ. ಅವನ ಪಾಲಿಗೆ ಕಾನೂನಿನಲ್ಲಿ ಕೊರತೆಯಿರಲಿಲ್ಲ, ಒಂದು ಕಾಗದದ ಕೊರತೆಯಿತ್ತು. ಮತದ ವಿಷಯದಲ್ಲಿ ಹಾಗಾಗದಿರಲಿ.

ಆದುದರಿಂದ ಈ ವಾರ ಒಂದು ಕೆಲಸ ಮಾಡಿ. ಮನೆಯಲ್ಲಿ 17 ದಾಟಿದ ಎಲ್ಲರ ಹೆಸರನ್ನು ಒಂದು ಹಾಳೆಯಲ್ಲಿ ಬರೆಯಿರಿ. ತೋಟದ ಬಿಡಾರದವರ ಹೆಸರನ್ನೂ ಅದೇ ಹಾಳೆಯಲ್ಲಿ ಸೇರಿಸಿ. ಬಿ.ಎಲ್.ಓ. ಬಳಿ ಇರುವ ಯಾದಿಯೊಡನೆ ಹೋಲಿಸಿ ನೋಡಿ. ಬಿಟ್ಟುಹೋದ ಪ್ರತಿ ಹೆಸರಿಗೂ ಅರ್ಜಿ ಬರೆಸಿ. ಓದುಬರಹ ಬಾರದ ನೆರೆಯವರಿದ್ದರೆ ನಿಮ್ಮ ಮಕ್ಕಳ ಕೈಯಿಂದ ಅರ್ಜಿ ತುಂಬಿಸಿಕೊಡಿ. ನಿಮ್ಮ ಹುರಿಯಾಳಿಗೆ ಮತ ಹಾಕುವವರೋ ಅಲ್ಲವೋ ಎಂದು ನೋಡಬೇಡಿ.

ದೊಡ್ಮನೆ ಹೆಗಡೆಯವರ ರಾಜಕೀಯವನ್ನು ಮೆಚ್ಚಿದವರೂ ನಮ್ಮಲ್ಲಿದ್ದಾರೆ, ಮೆಚ್ಚದವರೂ ಇದ್ದಾರೆ. ಅದು ಅವರವರ ಅಭಿಪ್ರಾಯ. ಆದರೆ ಹದಿನೆಂಟರ ಹುಡುಗಿಯೂ ತೋಟದ ಆಳೂ ಊರಿನ ಆಡಳಿತಕ್ಕೆ ಹಕ್ಕುದಾರರೆಂದು ಬರೆದ ಕಾನೂನು ಅವರ ಸರ್ಕಾರದ್ದು. ಅವರ ಕೆಲಸ ಅಲ್ಲಿಗೆ ಮುಗಿಯಿತು. ಹೆಸರು ಬರೆಸುವ ಕೆಲಸ ನಮ್ಮದು.